ಒತ್ತಡದಿಂದ ಉರಿಯ ಲೆಕ್ಕ

ಕಾರ್ಖಾನೆಯ ಅನಿಲ ಬರ್ನರು ಎಷ್ಟು ಶಾಖವನ್ನು ಕೊಡುತ್ತಿದೆಯೆಂಬುದನ್ನು ಹರಿವುಮಾಪಕವಿಲ್ಲದೆಯೂ ನಾವು ಅಂದಾಜು ಮಾಡಬಹುದು. ಅರ್ಧ ನೀರು ತುಂಬಿದ ಯು ಆಕಾರದ ಗಾಜಿನ ಕೊಳವೆಯ ಒಂದು ತುದಿಯನ್ನು ಬರ್ನರಿನ ಮೂತಿಯ ಹಿಂದೆ ಅನಿಲದ ಕೊಳವೆಗೆ ಜೋಡಿಸಿ, ಇನ್ನೊಂದನ್ನು ತೆರೆದಿಟ್ಟರೆ, ನೀರಿನ ಎರಡು ಮಟ್ಟಗಳ ಅಂತರವೇ ಒತ್ತಡದ ಅಳತೆ. ಬರ್ನರು ಉರಿಯುತ್ತಿರುವಾಗಲೇ ಅಳೆಯಬೇಕು. ಮುಚ್ಚಿದ ಕೊಳವೆಯ ಒತ್ತಡವು ಹರಿವನ್ನು ತಿಳಿಸದು.

ಒತ್ತಡ ಇಮ್ಮಡಿಯಾದರೆ ಶಾಖವೂ ಇಮ್ಮಡಿಯಾಗುವುದೆ? ಇಲ್ಲ. ಒತ್ತಡವು ಅನಿಲಕ್ಕೆ ಚಲನಶಕ್ತಿಯನ್ನು ಕೊಡುತ್ತದೆ. ಅದು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಹರಿವು ಒತ್ತಡದ ವರ್ಗಮೂಲದಂತೆ ಏರುತ್ತದೆ. 200 ಮಿಲಿಮೀಟರು ನೀರಿನ ಒತ್ತಡದಲ್ಲಿ 100 ಕಿಲೋವಾಟ್ ಕೊಡುವ ಬರ್ನರು, ಅದೇ ಅನಿಲದಿಂದ, 400 ಮಿಲಿಮೀಟರಿನಲ್ಲಿ ಸುಮಾರು 141 ಕಿಲೋವಾಟನ್ನಷ್ಟೇ ಕೊಟ್ಟೀತು. 200 ಕಿಲೋವಾಟ್ ಬೇಕೆಂದರೆ ಒತ್ತಡವು ಸುಮಾರು 800ಕ್ಕೆ ಏರಬೇಕು. ಗಾಳಿಯೂ ತಕ್ಕಷ್ಟು ಹೆಚ್ಚಬೇಕು. ಇಲ್ಲವಾದರೆ ಲೆಕ್ಕದ ಶಾಖ ದೊರೆಯದು; ಅರೆಬೆಂದ ಅನಿಲದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡು ಕುಲುಮೆಯ ಬಳಿ ದುಡಿಯುವವರ ಪ್ರಾಣಕ್ಕೇ ಎರವಾದೀತು.