ಬಾಗಿಲ ಆಚೆ ಮಾಟಗಾತಿ

ಕಾಸಿಮೇಡಿನ ಮೀನು ಬಂದರಿನ ಹತ್ತಿರ ನಮ್ಮ ಬಾಡಿಗೆ ಮನೆ. ಮಗಳಿಗೆ ಜ್ವರ ಬಂದಾಗ ಪಕ್ಕದ ಮನೆಯಾಕೆ ಪಿಸುಗುಟ್ಟಿದರು: "ಮೀನು ಮಾರೋ ಆ ಅಜ್ಜಿ ಸೂನಿಯಕಾರಿ." ಅಂದರೆ ನಮ್ಮ ಮಾಟಗಾತಿ.

1990ರ ದಶಕದ ಬೆಂಗಳೂರು ನೆನಪಾಯಿತು. ರಾತ್ರಿ ಬಾಗಿಲು ತಟ್ಟುವ ಮಾಟಗಾತಿಗೆಂದು ಅಮ್ಮ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ಅವಳಿಗೆ ಮುಖವಿರಲಿಲ್ಲ, ಯಾರಿಗೂ ನೋವಾಗಲಿಲ್ಲ.

ಮುಖ ಸಿಕ್ಕರೆ ಕತೆಯೇ ಬೇರೆ. ಅಮೆರಿಕದ ಸೇಲಂನಲ್ಲಿ ಇಬ್ಬರು ಹುಡುಗಿಯರ ಕಾಯಿಲೆಗೆ ಕಾರಣ ಹುಡುಕಹೊರಟವರು 1692ರಲ್ಲಿ 19 ಜನರನ್ನು ಗಲ್ಲಿಗೇರಿಸಿದರು.

ಸಂಜೆ ಅಜ್ಜಿ ಮಗಳನ್ನು ವಿಚಾರಿಸಲು ಬಂದರು. ನಾನು ಬಾಗಿಲನ್ನು ಅರ್ಧವೇ ತೆರೆದೆ. ಮಾತ್ರೆ ಕೊಟ್ಟು ಮೂರು ದಿನಕ್ಕೆ ಜ್ವರ ಇಳಿಯಿತು. ಆದರೆ ಅಜ್ಜಿ ನಮ್ಮ ಬೀದಿಗೆ ಬುಟ್ಟಿ ತರುವುದನ್ನೇ ಬಿಟ್ಟರು. ಕ್ಷಮೆ ಕೇಳಲು ಈಗ ನಾನೇ ಬಂದರಿಗೆ ಹೋಗಬೇಕು.