ಜೋಡಣೆ ಮನೆ: ಮೊದಲು ನೀರು, ಕೊನೆಗೆ ಕರೆಂಟು

ರಸ್ತೆಯಿಂದ ದೂರ, ಗುಡ್ಡೆ ಬದಿಯ ತೋಟದಲ್ಲಿ ಮನೆ ಕಟ್ಟುವವರಿಗೆ ಕಲ್ಲು-ಸಿಮೆಂಟು ಹೊರಿಸುವ ಖರ್ಚೇ ಹೆಚ್ಚು. ಅಂಥವರಿಗೆ ಜೋಡಣೆ ಮನೆ ಅನುಕೂಲ. ಕಬ್ಬಿಣದ ಚೌಕಟ್ಟು, ಪ್ಯಾನೆಲ್ ಗೋಡೆ, ಶೀಟಿನ ಮಾಡು. ಬಿಡಿ ಬಿಡಿಯಾಗಿ ತಂದು ಬೋಲ್ಟ್ ಹಾಕಿದರೆ ಮನೆ ನಿಲ್ಲುತ್ತದೆ. ಆದರೆ ಲೈನು ಬಾರದ ಜಾಗದಲ್ಲಿ ನೀರು, ಬೆಂಕಿ, ಬೆಳಕು ನಾವೇ ಹೊಂದಿಸಬೇಕು.

ನಾವು ಮೊದಲು ಸೋಲಾರ್ ತಂದೆವು. ಅದೇ ಬ್ಯಾಟರಿಗೆ ನೀರೆತ್ತುವ ಪಂಪನ್ನೂ ಕೊಟ್ಟೆವು. ಆಟಿಯ ಮೋಡಕ್ಕೆ ಬೆಳಕೂ ಹೋಯಿತು, ನಲ್ಲಿಯೂ ಒಣಗಿತು. ಎರಡನೇ ಮಳೆಗಾಲಕ್ಕೆ ಬ್ಯಾಟರಿಯೇ ಸತ್ತಿತು. ಹಾಗಾಗಿ ಹೇಳುವುದು, ಕರೆಂಟಿಲ್ಲದೆ ಆಗುವ ಕೆಲಸವನ್ನೆಲ್ಲ ಮೊದಲು ಮುಗಿಸಿ, ಉಳಿದದ್ದಕ್ಕೆ ಮಾತ್ರ ಕರೆಂಟು ಲೆಕ್ಕ ಹಾಕಿ.

ನೀರು

ಅಬ್ಬಿಯೋ ಸುರಂಗವೋ ಮನೆಗಿಂತ ಮೇಲಿದ್ದರೆ ಪಂಪೇ ಬೇಡ. 10 ಮೀಟರ್ ಎತ್ತರದಿಂದ ಇಳಿದ ನೀರಿಗೆ ಸುಮಾರು ಒಂದು ಕಿಲೋ ಒತ್ತಡ ಇರುತ್ತದೆ. ಬಚ್ಚಲಿಗೂ ಅಡುಗೆಮನೆಗೂ ಧಾರಾಳ ಸಾಕು. ಟ್ಯಾಂಕನ್ನು ಶೀಟಿನ ಮಾಡಿನ ಮೇಲೆ ಇಡಲೇಬೇಡಿ. ಸಾವಿರ ಲೀಟರ್ ಅಂದರೆ ಒಂದು ಟನ್ ಭಾರ, ಈ ಚೌಕಟ್ಟು ಅದಕ್ಕೆ ಮಾಡಿದ್ದಲ್ಲ. ಗುಡ್ಡೆಯಲ್ಲೇ ಕಲ್ಲಿನ ಕಟ್ಟೆ ಕಟ್ಟಿ ಇಡಿ.

ಮಾಡಿನ ನೀರನ್ನೂ ಬಿಡಬೇಡಿ. ಒಂದು ಚದರ ಮೀಟರ್ ಮಾಡಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 50 ಚದರ ಮೀಟರ್ ಮಾಡಿಗೆ 20 ಮಿಲಿಮೀಟರ್ ಬಿದ್ದರೆ ಸಾವಿರ ಲೀಟರ್ ಆಯಿತು.

ಒಲೆ, ಪಾಯಿಖಾನೆ

ಬ್ಯಾಟರಿಯಿಂದ ಏನನ್ನೂ ಬಿಸಿ ಮಾಡಬಾರದು. ಸ್ನಾನದ ಹಂಡೆಗೆ ತೆಂಗಿನ ಮಡಲು, ಒಣ ಸೋಗೆ ಇದೆಯಲ್ಲ! ಅಡುಗೆಗೆ ಗೋಬರ್ ಗ್ಯಾಸ್. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ, ಅಷ್ಟೇ ನೀರು ಬೇಕು. ಎಂದರೆ ಕೊಟ್ಟಿಗೆಯಲ್ಲಿ ಕಟ್ಟಿದ ನಾಲ್ಕೈದು ದನ. ಎರಡು-ಮೂರೇ ಇದ್ದರೆ ಒಂದು ಘನ ಮೀಟರಿನದು ಮಾಡಿ. ಹೊಟ್ಟೆಗಿಲ್ಲದ ದೊಡ್ಡ ಸ್ಥಾವರದಿಂದ ಪ್ರಯೋಜನವಿಲ್ಲ. ಬಗ್ಗಡ ತೋಟಕ್ಕೆ.

ಪಾಯಿಖಾನೆಗೆ ಎರಡು ಗುಂಡಿ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಗೊಬ್ಬರವಾಗುತ್ತದೆ. ಬಾವಿಯಿಂದ ಕೆಳಗಡೆಗೆ, ಆದಷ್ಟು ದೂರ ಇರಲಿ. 15 ಮೀಟರಿಗಿಂತ ಹತ್ತಿರ ಬೇಡ.

ಬೆಳಕು

ಈಗ ಲೆಕ್ಕಕ್ಕೆ ಕೂರಿ. 9 ವಾಟಿನ ನಾಲ್ಕು ಎಲ್‌ಇಡಿ ಐದು ಗಂಟೆ ಉರಿದರೆ 180 ವಾಟ್-ಗಂಟೆ. ಮೊಬೈಲು, ರೇಡಿಯೋಗೆ 40. ಕಡಿಮೆ ಕರೆಂಟಿನ 30 ವಾಟಿನ ಎರಡು ಫ್ಯಾನು ಎಂಟು ಗಂಟೆಗೆ 480. ಒಟ್ಟು 700.

12 ವೋಲ್ಟಿನ 150 ಎಎಚ್ ಸೀಸದ ಬ್ಯಾಟರಿಯಲ್ಲಿ 1800 ಇದೆ. ಆದರೆ ಅರ್ಧಕ್ಕಿಂತ ಹೆಚ್ಚು ತೆಗೆದರೆ ಅದರ ಆಯುಸ್ಸು ಹೋಗುತ್ತದೆ. ಕೈಗೆ ಸಿಗುವುದು 900. ಫ್ಯಾನು ಹಾಕಿದರೆ ಅದು ಒಂದೇ ದಿನದ್ದು. ಮಳೆಗಾಲದಲ್ಲಿ ಫ್ಯಾನು ಯಾರಿಗೆ ಬೇಕು? ಬರೀ ದೀಪ, ಮೊಬೈಲು ಅಂದರೆ ಅದೇ ಬ್ಯಾಟರಿ ಬಿಸಿಲಿಲ್ಲದೆ ನಾಲ್ಕು ದಿನ ಬರುತ್ತದೆ. ಬೇಸಗೆಗೆ 250 ವಾಟ್ ಪ್ಯಾನೆಲ್ ಸಾಕಾದರೂ ಮೋಡದ ದಿನಗಳಿಗಾಗಿ ಅದರ ಇಮ್ಮಡಿ ಹಾಕುವುದು ಒಳ್ಳೆಯದು. ಅಡಿಕೆ ಸೋಗೆಯ ನೆರಳು ಪ್ಯಾನೆಲಿನ ಮೂಲೆಗೆ ಬಿದ್ದರೂ ಕರೆಂಟು ಇಳಿಯುತ್ತದೆ. ಬಯಲಿನಲ್ಲಿ ಕಂಬ ನಿಲ್ಲಿಸಿ ಕಟ್ಟಿ.

ಬಿಸಿಲು ಕೈಕೊಡುವಾಗಲೇ ತೋಡು ತುಂಬಿರುತ್ತದೆ. 20 ಲೀಟರಿನ ಬಕೆಟು ನಾಲ್ಕು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್. ಅದು 20 ಮೀಟರ್ ಬಿದ್ದರೆ, ಅರ್ಧ ನಷ್ಟ ಹಿಡಿದರೂ, ಪುಟ್ಟ ಟರ್ಬೈನಿನಿಂದ 490 ವಾಟ್ ಸಿಗುತ್ತದೆ. ಹಗಲು-ರಾತ್ರಿ ತಿರುಗಿದರೆ ದಿನಕ್ಕೆ ಸುಮಾರು 12 ಯೂನಿಟ್!

ಕಡೆಗೊಂದು ಎಚ್ಚರಿಕೆ. ಮನೆಯ ಮೈಯೆಲ್ಲ ಕಬ್ಬಿಣ. ಚೌಕಟ್ಟಿಗೂ ಪ್ಯಾನೆಲಿನ ಕಂಬಕ್ಕೂ ಸರಿಯಾದ ಅರ್ಥಿಂಗ್ ಮಾಡಿಸದೆ ಒಳಗೆ ಮಲಗಬೇಡಿ. ನಮ್ಮ ಕಡೆಯ ಸಿಡಿಲು ಗೊತ್ತಲ್ಲ!