ಹದಿನಾಲ್ಕು ವರ್ಷ ಎಂಬ ತಪ್ಪು ಲೆಕ್ಕ

ತರಗತಿಯಲ್ಲಿ ಡಿ.ಎನ್.ಎ. ಕುರಿತು ಪಾಠ ಮಾಡುತ್ತಿದ್ದೆ. ಒಂದು ಹನಿ ರಕ್ತದಿಂದ, ಒಂದು ತುಂಡು ಮೂಳೆಯಿಂದ ಮನುಷ್ಯನ ಗುರುತು ಹಿಡಿಯಬಹುದು, ಹಾಗಾಗಿ ಅಪರಾಧಿಗಳು ತಪ್ಪಿಸಿಕೊಳ್ಳುವುದು ಕಷ್ಟ ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಗುರುತು ಹಿಡಿದು ಎಂತ ಪ್ರಯೋಜನ ಸರ್? ಜೀವಾವಧಿ ಅಂದರೆ ಹದಿನಾಲ್ಕು ವರ್ಷ ಅಲ್ವಾ? ಮತ್ತೆ ಬಿಡ್ತಾರೆ." ಅರ್ಧ ತರಗತಿ ಹೌದೆಂದು ತಲೆಯಾಡಿಸಿತು.

ಸಂಜೆ ಮೆಲ್ಕಾರಿನಲ್ಲಿ ಬಸ್ಸಿಗೆ ಕಾಯುವಾಗ ಪರಿಚಯದ ಮೂವರಲ್ಲಿ ಇದೇ ಪ್ರಶ್ನೆ ಕೇಳಿದೆ. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಇನ್ನೊಬ್ಬರು ಅಡಿಕೆ ವ್ಯಾಪಾರಿ, ಮತ್ತೊಬ್ಬರು ನನ್ನಂತೆಯೇ ಮೇಷ್ಟ್ರು. ಮೂವರದೂ ಒಂದೇ ಉತ್ತರ: ಹದಿನಾಲ್ಕು. ಸಿನಿಮಾದಲ್ಲಿ ನಾಯಕ ಜೈಲಿನಿಂದ ಹೊರಬರುವುದು ಹದಿನಾಲ್ಕು ವರ್ಷ ಕಳೆದ ಮೇಲಲ್ಲವೇ? ರಾಮನ ವನವಾಸವೂ ಅಷ್ಟೇ. ಸಂಖ್ಯೆ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ.

ಆದರೆ ಕಾನೂನಿನಲ್ಲಿ ಹಾಗಿಲ್ಲ. ಜೀವಾವಧಿ ಎಂದರೆ ಕೊನೆಯುಸಿರಿನವರೆಗೆ. ಗೋಪಾಲ ಗೋಡ್ಸೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಸನ್ನಡತೆಗಾಗಿ, ಮಾಡಿದ ಕೆಲಸಕ್ಕಾಗಿ ಕೈದಿಯ ಖಾತೆಗೆ ಜಮೆಯಾಗುವ ದಿನಗಳಿಂದ ಅವನು ತಾನಾಗಿ ಹೊರಬರಲಾರ. ಬೀಜಗಣಿತ ಕಲಿತ ಮಕ್ಕಳಿಗೆ ಇದು ಸುಲಭ. ಮನುಷ್ಯನ ಆಯುಷ್ಯ ಎಷ್ಟೆಂದು ಯಾರಿಗೂ ತಿಳಿಯದು, ಅದು 'ಎಕ್ಸ್'. ಎಕ್ಸ್‌ನಿಂದ ಮೂರು ವರ್ಷ ಕಳೆದರೂ ಉತ್ತರ ಸಿಗುವುದಿಲ್ಲ. ಹಳೆಯ ದಂಡಸಂಹಿತೆಯ 57ನೇ ಕಲಮು ಜೀವಾವಧಿಯನ್ನು 20 ವರ್ಷವೆಂದು ಎಣಿಸಿದ್ದು ನಿಜ. ಅದು ಶಿಕ್ಷೆಯ ಅರ್ಧ, ಕಾಲುಭಾಗ ಎಂದು ಭಾಗಿಸಬೇಕಾದ ಸಂದರ್ಭಗಳಿಗೆ ಮಾತ್ರ. ಎಕ್ಸ್‌ಗೆ ಒಂದು ಬೆಲೆ ಕೊಡದೆ ಭಾಗಿಸುವುದು ಹೇಗೆ?

ಹಾಗಾದರೆ ಹದಿನಾಲ್ಕು ಎಲ್ಲಿಂದ ಬಂತು? ಶಿಕ್ಷೆಯನ್ನು ಕಡಿತ ಮಾಡಿ ಕೈದಿಯನ್ನು ಬಿಡುವ ಅಧಿಕಾರ ಸರ್ಕಾರಕ್ಕಿದೆ. ಕೊಲೆ ಮಾಡಿದವರು ಕೆಲವೇ ವರ್ಷಗಳಲ್ಲಿ ಈ ದಾರಿಯಿಂದ ಹೊರಬರತೊಡಗಿದಾಗ, 1978ರಲ್ಲಿ ಸಂಸತ್ತು ದಂಡ ಪ್ರಕ್ರಿಯಾ ಸಂಹಿತೆಗೆ 433-ಎ ಕಲಮನ್ನು ಸೇರಿಸಿತು. ಮರಣದಂಡನೆಗೂ ಅರ್ಹವಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವನು ಕನಿಷ್ಠ 14 ವರ್ಷ ಒಳಗಿರಲೇಬೇಕು ಎಂದಿತು. ಅಂದರೆ ಇದು ನೆಲ, ಚಾವಣಿಯಲ್ಲ. ಬಿಡುಗಡೆಯನ್ನು ತಡೆಯಲೆಂದು ಬಂದ ಸಂಖ್ಯೆಯೇ ಜನರ ಬಾಯಲ್ಲಿ ಬಿಡುಗಡೆಯ ದಿನಾಂಕವಾಗಿ ಹೋದದ್ದು ವಿಚಿತ್ರ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ 475ನೇ ಕಲಮಾಗಿ ಇದೇ ನಿಯಮ ಉಳಿದಿದೆ.

ನೆಲದ ಮಾತು ಹಾಗಾಯಿತು. ಆದರೆ ಕೆಲವರು ಹೊರಬರಲೇ ಬಾರದು ಎಂದು ನ್ಯಾಯಾಲಯ ಹೇಳಬಹುದೇ? ಈ ಪ್ರಶ್ನೆಗೆ ಉತ್ತರ ದೊರೆತದ್ದು ನಮ್ಮ ಬೆಂಗಳೂರಿನ ಒಂದು ಪ್ರಕರಣದಲ್ಲಿ.

ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಕೀರೆ ಖಲೀಲಿ 1991ರಲ್ಲಿ ಕಾಣೆಯಾದರು. ಅವರ ಎರಡನೆಯ ಪತಿ ಸ್ವಾಮಿ ಶ್ರದ್ಧಾನಂದ, ಅಂದರೆ ಮುರಳಿ ಮನೋಹರ ಮಿಶ್ರ, ಕೇಳಿದವರಿಗೆಲ್ಲ ಒಂದೊಂದು ಕತೆ ಹೇಳಿಕೊಂಡು ಅದೇ ಮನೆಯಲ್ಲಿ ವಾಸವಾಗಿದ್ದ. ಮಗಳು ಬಿಡದೆ ಹುಡುಕಿದಳು. 1994ರ ಮಾರ್ಚಿನಲ್ಲಿ ರಿಚ್ಮಂಡ್ ರಸ್ತೆಯ ಆ ಮನೆಯ ಅಂಗಳವನ್ನು ಅಗೆದಾಗ ಮರದ ಪೆಟ್ಟಿಗೆಯೊಳಗೆ ಅಸ್ಥಿಪಂಜರ ಸಿಕ್ಕಿತು. ಅದು ಅವರದೇ ಎಂದು ಸ್ಥಿರಪಡಿಸಲು ತಲೆಬುರುಡೆ ಮತ್ತು ಭಾವಚಿತ್ರದ ಹೋಲಿಕೆ, ಡಿ.ಎನ್.ಎ. ಪರೀಕ್ಷೆ ಎರಡೂ ನೆರವಾದವು. ಗುರುತು ಹಿಡಿದು ಏನು ಪ್ರಯೋಜನ ಎಂದ ಹುಡುಗನಿಗೆ ಮರುದಿನ ನಾನು ಹೇಳಿದ್ದು ಈ ಕತೆಯನ್ನೇ.

2005ರಲ್ಲಿ ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು. ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲೇ ಸರಿ ಎಂದರು, ಮತ್ತೊಬ್ಬರು ಬೇಡವೆಂದರು. ವಿಷಯ ಮೂವರ ಪೀಠಕ್ಕೆ ಹೋಯಿತು. 2008ರ ಜುಲೈ 22ರಂದು ಬಂದ ಆ ತೀರ್ಪು ಒಂದು ಸರಳ ಸತ್ಯವನ್ನು ಒಪ್ಪಿಕೊಂಡಿತು. ಒಂದು ಕಡೆ ಗಲ್ಲು, ಇನ್ನೊಂದು ಕಡೆ ಆಚರಣೆಯಲ್ಲಿ 14 ವರ್ಷಕ್ಕೆ ಇಳಿಯುವ ಜೀವಾವಧಿ. ನಡುವೆ ಏನೂ ಇಲ್ಲದಿದ್ದರೆ, 14 ವರ್ಷ ತೀರಾ ಕಡಿಮೆ ಎನಿಸಿದ ನ್ಯಾಯಾಧೀಶ ಗಲ್ಲಿನ ಕಡೆಗೇ ವಾಲಬೇಕಾಗುತ್ತದೆ. ಆದ್ದರಿಂದ ಶ್ರದ್ಧಾನಂದನನ್ನು ಬದುಕಿರುವವರೆಗೆ ಬಿಡಕೂಡದು, ಸರ್ಕಾರದ ಶಿಕ್ಷೆ ಕಡಿತ ಅವನಿಗೆ ಅನ್ವಯಿಸದು ಎಂದು ನ್ಯಾಯಾಲಯ ಆದೇಶಿಸಿತು. ಕಡಿತಕ್ಕೆ ಮಿತಿ ಹಾಕಿದ್ದರಿಂದ ಒಬ್ಬನ ಕುತ್ತಿಗೆಯಿಂದ ಹಗ್ಗ ಕಳಚಿತು. ಬಿಡುಗಡೆಗೆ ಮಿತಿ ಬೇಕೆಂದರೆ ಕ್ರೂರಿಗಳ ಮಾತು ಎಂದು ತಿಳಿಯುವವರು ಇದನ್ನು ಗಮನಿಸಬೇಕು.

2015ರ ಡಿಸೆಂಬರ್‌ನಲ್ಲಿ ಸಂವಿಧಾನ ಪೀಠ ಶ್ರೀಹರನ್ ಪ್ರಕರಣದಲ್ಲಿ ಮೂವರ ಬಹುಮತದಿಂದ ಈ ದಾರಿಯನ್ನು ಸರಿಯೆಂದಿತು, ಇಬ್ಬರು ಒಪ್ಪಲಿಲ್ಲ. ಇಂಥ ಮಿತಿ ಹಾಕುವ ಅಧಿಕಾರವನ್ನು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ಗಳಿಗೆ ಮಾತ್ರ ಕೊಟ್ಟಿತು. ರಾಷ್ಟ್ರಪತಿ, ರಾಜ್ಯಪಾಲರ ಕ್ಷಮಾದಾನದ ಅಧಿಕಾರವನ್ನು ಮುಟ್ಟಲಿಲ್ಲ. (ರಾಜೀವ್ ಗಾಂಧಿ ಹತ್ಯೆಯ ಅಪರಾಧಿಯಾದ ಈ ಶ್ರೀಹರನ್‌ನೇ 2022ರ ನವೆಂಬರ್‌ನಲ್ಲಿ ಬಿಡುಗಡೆಯ ಆದೇಶ ಪಡೆದ ಎನ್ನುವುದು ಬೇರೆ ಮಾತು.)

ಇನ್ನು ನಮ್ಮ ಬಂಟ್ವಾಳ ತಾಲೂಕಿನ ವಿಷಯ. ಮೆಲ್ಕಾರಿನಿಂದ ಕಲ್ಲಡ್ಕ, ವಿಟ್ಲ ದಾಟಿ ಹೋದರೆ ಕನ್ಯಾನ. ಅಲ್ಲಿಯ ಮೋಹನ್ ಕುಮಾರ್ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವನು. ಇದನ್ನು ಬರೆಯಲು ನನ್ನ ಕೈ ತಡೆಯುತ್ತದೆ. ಮದುವೆಯಾಗುವೆನೆಂದು ಬಡ ಹೆಣ್ಣುಮಕ್ಕಳನ್ನು ದೂರದ ಊರಿಗೆ ಕರೆದೊಯ್ದು, ಮಾತ್ರೆಯೆಂದು ಸಯನೈಡ್ ಕೊಟ್ಟು ಕೊಂದು, ಅವರ ಒಡವೆಯೊಂದಿಗೆ ಮರಳುತ್ತಿದ್ದ. 2009ರ ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದ. ಅವನ ಮೇಲೆ ಇಪ್ಪತ್ತು ಕೊಲೆಗಳ ಪ್ರಕರಣಗಳು ನಡೆದವು; ಮಂಗಳೂರಿನಲ್ಲಿ ಕೊನೆಯದರ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ. 2013ರ ಡಿಸೆಂಬರ್‌ನಲ್ಲಿ ಮೂರು ಪ್ರಕರಣಗಳಲ್ಲಿ ಗಲ್ಲು ವಿಧಿಸಲಾಗಿತ್ತು. ಅದರಲ್ಲಿ ಒಂದನ್ನು, ನಮ್ಮ ತಾಲೂಕಿನ ಯುವತಿಯೊಬ್ಬಳ ಪ್ರಕರಣವನ್ನು, ಹೈಕೋರ್ಟ್ 2017ರ ಅಕ್ಟೋಬರ್‌ನಲ್ಲಿ ಬದಲಿಸಿತು: ಗಲ್ಲಿಲ್ಲ, ಆದರೆ ಶಿಕ್ಷೆ ಕಡಿತವೂ ಇಲ್ಲದೆ ಸಾಯುವವರೆಗೆ ಸೆರೆ. ಬೆಂಗಳೂರಿನ ಪ್ರಕರಣದಲ್ಲಿ ತೆರೆದ ದಾರಿ ಒಂಬತ್ತು ವರ್ಷಗಳ ನಂತರ ನಮ್ಮ ಊರಿಗೆ ಬಂದು ಮುಟ್ಟಿತು.

ಮೋಹನ್ ಕುಮಾರನ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಸಂದೇಹ ಬರುವುದು ಬೇರೆ ಕಡೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ಒಂದೇ ತರಗತಿಯಲ್ಲಿ ಒಬ್ಬ ಹುಡುಗಿ, ಒಬ್ಬ ಹುಡುಗ ಇದ್ದರು. ಅಕ್ಕಪಕ್ಕದ ಮನೆಯವರು. ತೋಟದ ಗಡಿಯ ಜಗಳದಲ್ಲಿ ಹುಡುಗನ ಅಪ್ಪ ಕತ್ತಿ ಬೀಸಿದ. ಹುಡುಗಿಯ ಅಪ್ಪ ಆಸ್ಪತ್ರೆಗೆ ಮುಟ್ಟುವ ಮೊದಲೇ ತೀರಿಕೊಂಡರು. ಜೀವಾವಧಿಯಾಯಿತು. ಹುಡುಗ ಶಾಲೆಗೆ ಬರುವುದನ್ನೇ ಬಿಟ್ಟ. ನಾನು ಎರಡು ಸಲ ಅವನ ಮನೆಗೆ ಹೋಗಿ ಕರೆದೆ. ಮೂರನೆಯ ಸಲ ಹೋಗಲಿಲ್ಲ. ಅದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. ಹುಡುಗಿ ಓದಿದಳು, ಈಗ ಕೆಲಸದಲ್ಲಿದ್ದಾಳೆ. ಹದಿನಾಲ್ಕು ಚಿಲ್ಲರೆ ವರ್ಷಗಳ ನಂತರ ಸನ್ನಡತೆಯ ಮೇಲೆ ಆ ಮನುಷ್ಯ ಮನೆಗೆ ಬಂದ. ಕೂದಲೆಲ್ಲ ನೆರೆದು, ನಡೆಯುವಾಗ ಉಬ್ಬಸ. ಬಿಡುಗಡೆಯ ಸುದ್ದಿ ಹುಡುಗಿಯ ಮನೆಯವರಿಗೆ ತಿಳಿದದ್ದು ಹೇಗೆಂದರೆ, ಅವಳ ಅಮ್ಮ ಹಾಲಿನ ಡಿಪೋದಲ್ಲಿ ಅವನನ್ನು ಎದುರಿಗೇ ಕಂಡಾಗ. ಆ ದಿನ ಅಮ್ಮನ ಕೈಯ ಪಾತ್ರೆ ಕೆಳಗೆ ಬಿತ್ತಂತೆ.

ಪ್ರಯೋಗಾಲಯದಲ್ಲಿ ಎರಡು ಬಾಟಲಿಗಳಿಗೆ ಒಂದೇ ಚೀಟಿ ಅಂಟಿಸುವುದು ದೊಡ್ಡ ಅಪರಾಧ. 302ನೇ ಕಲಮು (ಈಗ ಭಾರತೀಯ ನ್ಯಾಯ ಸಂಹಿತೆಯ 103) ಅಂಥದೊಂದು ಚೀಟಿ. ಒಂದರೊಳಗೆ ಲೆಕ್ಕ ಹಾಕಿ, ಒಡವೆ ತೂಗಿ ಮತ್ತೆ ಮತ್ತೆ ಮಾಡಿದ ಕೊಲೆ. ಇನ್ನೊಂದರೊಳಗೆ ಗಡಿಬೇಲಿಯ ಬಳಿ ಅರ್ಧ ನಿಮಿಷದ ಸಿಟ್ಟು. ಎರಡಕ್ಕೂ ಒಂದೇ ಬಾಗಿಲು, ಒಂದೇ ಹದಿನಾಲ್ಕು ಎಂದರೆ ಮೊದಲನೆಯವನಿಗೆ ಅದು ಅಗ್ಗ. ಹಿಂಸೆ ಮಾಡಿದವರನ್ನೆಲ್ಲ ಬಿಡಲೇ ಕೂಡದು ಎಂದರೆ ಎರಡನೆಯವನಿಗೆ ತೀರಾ ತುಟ್ಟಿ. ಬಿಡುಗಡೆಯ ಆಸೆಯೇ ಇಲ್ಲದ ಕೈದಿ ಸನ್ನಡತೆಯಿಂದ ಇರಬೇಕಾದರೂ ಏಕೆ? ಕಾವಲುಗಾರರ ಕಷ್ಟವನ್ನೂ ಯೋಚಿಸಬೇಕು. ಆದ್ದರಿಂದ ಮಿತಿ ಬೇಕು, ಆದರೆ ಅದನ್ನು ಅಪರಾಧದ ಒಳಗನ್ನು ನೋಡಿದ ನ್ಯಾಯಾಲಯ ತೆರೆದ ಬಾಗಿಲಲ್ಲಿ ಹೇಳಬೇಕು. ವರ್ಷಗಳ ನಂತರ ಕಡತಗಳ ನಡುವೆ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಕಡತಗಳ ನಡುವೆ ಏನಾಗಬಹುದು ಎಂಬುದನ್ನು ದೇಶ 2022ರ ಆಗಸ್ಟ್ 15ರಂದು ಕಂಡಿತು. ಬಿಲ್ಕಿಸ್ ಬಾನು ಪ್ರಕರಣದ 11 ಅಪರಾಧಿಗಳನ್ನು ಗುಜರಾತ್ ಸರ್ಕಾರ ತನ್ನ 1992ರ ನೀತಿಯಂತೆ ಬಿಡುಗಡೆ ಮಾಡಿತು. ಹೊರಗೆ ಅವರಿಗೆ ಸಿಹಿ ಹಂಚಿದರು. ಅನ್ಯಾಯಕ್ಕೊಳಗಾದ ಆ ತಾಯಿಯನ್ನು ಒಂದು ಮಾತೂ ಕೇಳಿರಲಿಲ್ಲ. 2024ರ ಜನವರಿ 8ರಂದು, ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಆ ಬಿಡುಗಡೆಯನ್ನು ರದ್ದು ಮಾಡಿತು. ವಿಚಾರಣೆ ನಡೆದದ್ದು ಮಹಾರಾಷ್ಟ್ರದಲ್ಲಿ, ಹಾಗಾಗಿ ಗುಜರಾತಿಗೆ ಆ ಅಧಿಕಾರವೇ ಇರಲಿಲ್ಲ ಎಂದಿತು. ಎಲ್ಲರೂ ಮರಳಿ ಜೈಲಿಗೆ ಹೋದರು.

ಶ್ರದ್ಧಾನಂದನೂ ಅದೇ ವರ್ಷ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ. ಎಂಬತ್ತು ದಾಟಿದ್ದೇನೆ, 1994ರಿಂದ ಒಂದು ದಿನದ ಪೆರೋಲೂ ಇಲ್ಲದೆ ಒಳಗಿದ್ದೇನೆ ಎಂಬುದು ಅವನ ಅಳಲು. ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಆ ಅರ್ಜಿಯನ್ನು ಪುರಸ್ಕರಿಸಲಿಲ್ಲ. ಇದನ್ನು ಹೇಳಿದಾಗ ತರಗತಿಯ ಒಬ್ಬ ಹುಡುಗಿ, "ಪಾಪ, ಮುದುಕ ಅಲ್ವಾ ಸರ್" ಎಂದಳು. ಹಿಂದಿನ ಬೆಂಚಿನವನು "ಪೆಟ್ಟಿಗೆಯಲ್ಲಿದ್ದವರು ಪಾಪ ಅಲ್ವಾ?" ಎಂದ. ಗಂಟೆ ಬಾರಿಸಿತು. ಇಬ್ಬರಲ್ಲಿ ಯಾರನ್ನೂ ನಾನು ತಪ್ಪೆನ್ನಲಿಲ್ಲ.

ನನ್ನ ಆ ಹಳೆಯ ವಿದ್ಯಾರ್ಥಿನಿ ಕಳೆದ ತಿಂಗಳು ಮನೆಗೆ ಬಂದಿದ್ದಳು. ನಾನು ಈ ಲೇಖನ ಬರೆಯುತ್ತಿರುವುದನ್ನು ತಿಳಿಸಿ, ಊರಿನ ಹೆಸರು ಹಾಕುವುದಿಲ್ಲ ಎಂದೆ. ಚಹಾದ ಲೋಟವನ್ನು ತಿರುಗಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವರನ್ನು ಬಿಟ್ಟದ್ದು ಸರಿಯೋ ತಪ್ಪೋ, ನನಗೆ ಹೇಳಲಿಕ್ಕೆ ಗೊತ್ತಿಲ್ಲ ಸರ್," ಎಂದಳು. "ಅಮ್ಮನಿಗೆ ಮೊದಲೇ ಒಂದು ಕಾಗದ ಬರೆಯಬಹುದಿತ್ತು."